ಟೀ ತಟ್ಟೆಯ ಕೆಳಗಿನ ಚೀಟಿ

ಮಾಕಳಿಯಲ್ಲಿ ರಾತ್ರಿ ಹನ್ನೊಂದೂವರೆ ಎಂದರೆ ಪೂರ್ತಿ ಮೌನವೇನೂ ಅಲ್ಲ. ತುಮಕೂರು ರಸ್ತೆಯ ಲಾರಿಗಳ ಸದ್ದು ಇದ್ದೇ ಇರುತ್ತದೆ. ಊರೊಳಗಿನ ಓಣಿಯ ಆ ಮನೆಯಲ್ಲಿ ಮಾತ್ರ ಎಲ್ಲರೂ ಮಲಗಿದ್ದರು. ಯಜಮಾನರೊಬ್ಬರೇ ಕುರ್ಚಿ ಎಳೆದುಕೊಂಡು, ಗೋಡೆಯ ಗೂಡಿನಲ್ಲಿದ್ದ ಇಂಟರ್ನೆಟ್ ಪೆಟ್ಟಿಗೆಯ ಹಸಿರು ದೀಪವನ್ನೇ ನೋಡುತ್ತ ಕುಳಿತಿದ್ದರು. ದೀಪ ಬಿಡುವಿಲ್ಲದೆ ಮಿಟುಕುತ್ತಿತ್ತು. ಮನೆಯಲ್ಲಿ ಯಾರೂ ಏನೂ ನೋಡುತ್ತಿಲ್ಲ, ಯಾರೂ ಯಾರಿಗೂ ಏನನ್ನೂ ಕಳಿಸುತ್ತಿಲ್ಲ. ಹಾಗಿದ್ದರೆ ಇಷ್ಟು ಹೊತ್ತಿನಲ್ಲಿ ಹೋಗಿ ಬರುತ್ತಿರುವುದು ಯಾರ ಸಾಮಾನು?

ಆ ಪ್ರಶ್ನೆ ಹುಟ್ಟಿದ್ದು ಅಂದೇ ಬೆಳಿಗ್ಗೆ. 2025ರ ಫೆಬ್ರವರಿಯ ಒಂದು ಶನಿವಾರ. ಪಿಯುಸಿ ಎರಡನೆಯ ವರ್ಷದ ಮಗಳು ಪ್ರವೇಶ ಪರೀಕ್ಷೆಯೊಂದಕ್ಕೆ ಅರ್ಜಿ ಹಾಕಬೇಕಿತ್ತು, ಅಂದೇ ಕಡೆಯ ದಿನ. (ಕಡೆಯ ದಿನದವರೆಗೆ ಯಾಕೆ ಕಾದಳು ಎಂದು ಕೇಳಬಾರದು. ಹದಿನೇಳು ವರ್ಷದವರಿಗೆ ಅರ್ಜಿ ಹಾಕಲು ಒಂದೇ ದಿನ ಇರುವುದು, ಕಡೆಯ ದಿನ.) ಪುಟ ತೆರೆದರೆ ಸಾಕು, ‘ನೀವು ಯಂತ್ರವಲ್ಲ ಎಂದು ತೋರಿಸಿ’ ಎಂಬ ಒಗಟು. ಬಸ್ಸಿರುವ ಚೌಕ ಒತ್ತಿ, ಸೈಕಲ್ಲಿರುವ ಚೌಕ ಒತ್ತಿ. ಒತ್ತಿದಷ್ಟೂ ಮತ್ತೊಂದು. ಒಂಬತ್ತನೆಯ ಸಲಕ್ಕೆ, ನಿಮ್ಮ ವಿಳಾಸದಿಂದ ಅಸಹಜ ಸಂಚಾರ ಕಂಡುಬಂದಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಎಂದು ಬರೆದು ಬಾಗಿಲು ಹಾಕಿಕೊಂಡಿತು. ಮಧ್ಯಾಹ್ನ ಮೂರಕ್ಕೂ ಅದೇ, ನಾಲ್ಕಕ್ಕೂ ಅದೇ. ಹುಡುಗಿ ಅಳಲು ಶುರು ಮಾಡಿದಳು. ತಾಯಿ ಅವಳನ್ನು ಕರೆದುಕೊಂಡು ಹೆದ್ದಾರಿ ಪಕ್ಕದ ಜೆರಾಕ್ಸ್ ಅಂಗಡಿಗೆ ಓಡಿದರು. ಅಲ್ಲಿ ಇವರ ಮುಂದೆ ಹನ್ನೊಂದು ಜನ. ಅರ್ಜಿ ಹೋಗಿ ಸೇರಿದಾಗ ರಾತ್ರಿ ಎಂಟೂ ನಲವತ್ತು. ಮೊಬೈಲಿನಲ್ಲಿ ಮನೆಯ ವೈಫೈ ಆರಿಸಿ, ಸಿಮ್ಮಿನ ಇಂಟರ್ನೆಟ್ಟಿನಿಂದ ಪ್ರಯತ್ನಿಸಬಹುದಿತ್ತು ಎಂದು ಹೊಳೆದದ್ದು ಊಟಕ್ಕೆ ಕುಳಿತ ಮೇಲೆ. ಹೊಳೆಯುವುದೇ ಹಾಗೆ.

ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ವಿಭಾಗದವರು. ‘ಅಸಹಜ ಸಂಚಾರ’ ಎಂಬ ಮಾತು ಅವರ ತಲೆಯಲ್ಲಿ ಉಳಿದುಬಿಟ್ಟಿತು. ಕಾರ್ಖಾನೆಯಲ್ಲಿ ಗಾಳಿ ಕೊಳವೆ ಎಲ್ಲೋ ಸೋರುತ್ತಿದೆ ಎಂಬ ಅನುಮಾನ ಬಂದರೆ ಅವರು ಮಾಡುವ ಕ್ರಮವೊಂದಿದೆ: ಭಾನುವಾರ ಎಲ್ಲ ಯಂತ್ರ ನಿಲ್ಲಿಸಿ, ಒತ್ತಡದ ಗಡಿಯಾರದ ಮುಂದೆ ಕೂರುವುದು. ಯಾರೂ ಗಾಳಿ ಬಳಸದೆ ಇರುವಾಗಲೂ ಮುಳ್ಳು ಇಳಿದರೆ ಸೋರಿಕೆ ಖಂಡಿತ. ಆಮೇಲೆ ಒಂದೊಂದೇ ಕವಾಟ ಮುಚ್ಚುತ್ತ ಹೋದರೆ ಯಾವ ಸಾಲಿನಲ್ಲಿ ಎಂಬುದು ತಾನಾಗಿ ಗೊತ್ತಾಗುತ್ತದೆ. ಅದನ್ನೇ ಮನೆಯಲ್ಲೂ ಮಾಡಿದರು. ಟಿವಿ ಆರಿಸಿದರು, ದೀಪ ಮಿಟುಕುತ್ತಲೇ ಇತ್ತು. ಮೊಬೈಲು ಮೂರನ್ನೂ ಆರಿಸಿದರು, ಆಗಲೂ ಅಷ್ಟೇ. ಉಳಿದದ್ದು ಮಗನ ಲ್ಯಾಪ್‌ಟಾಪು. ಅವನು ಕನಕಪುರ ರಸ್ತೆ ಕಡೆಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಾನೆ. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂದ ಮೇಲೆ ಹಸಿರು ಮಾರ್ಗದ ಆ ತುದಿಯಿಂದ ಈ ತುದಿಗೆ ಒಂದೇ ರೈಲು, ಹಾಗಾಗಿ ವಾರವಾರವೂ ಬರುತ್ತಾನೆ. ಆಟವೊಂದರ ಹೊಸ ಆವೃತ್ತಿ ಇಳಿಸಿಕೊಳ್ಳಲೆಂದು ಯಂತ್ರವನ್ನು ಹಾಗೆಯೇ ಬಿಟ್ಟು ಮಲಗಿದ್ದ. ನೋಡಿದರೆ ಇಳಿಸುವುದು ಹತ್ತಕ್ಕೇ ಮುಗಿದಿತ್ತು. ಅದರ ತಂತಿ ತೆಗೆದದ್ದೇ ತಡ, ಹಸಿರು ದೀಪ ಸುಮ್ಮನಾಯಿತು.

“ಮಗ, ಏಳೋ. ಇದೇನಿದು, ಎಲ್ಲಾ ಮಲಗಿದ್ರೂ ನಿನ್ ಡಬ್ಬ ಓಡ್ತಾನೇ ಐತಲ್ಲ?”

ಹುಡುಗ ಕಣ್ಣುಜ್ಜಿಕೊಂಡು ಬಂದ. ತಂತಿ ಮತ್ತೆ ಹಾಕಿಸಿ, ಕಪ್ಪು ಕಿಟಕಿಯಲ್ಲಿ ಒಂದು ಆದೇಶ ಬರೆಸಿದರು ಅಪ್ಪ. ಈ ಕ್ಷಣದಲ್ಲಿ ಆ ಯಂತ್ರ ಯಾರ ಯಾರೊಡನೆ ಮಾತಾಡುತ್ತಿದೆ ಎಂಬ ಪಟ್ಟಿ ಸರಸರನೆ ಇಳಿಯಿತು. ಹತ್ತಿಪ್ಪತ್ತಲ್ಲ, ನೂರಾರು. ಒಂದರ ಹೆಸರೂ ಹುಡುಗನಿಗೆ ಗೊತ್ತಿಲ್ಲ. ಅವನ ಮುಖ ಬಿಳಿಚಿತು. “ಅಪ್ಪ, ನಾನೇನೂ ಮಾಡಿಲ್ಲ. ಹಾಸ್ಟೆಲಲ್ಲಿ ಗೇಮ್ ಬ್ಲಾಕ್ ಮಾಡವ್ರೆ ಅಂತ ಒಂದು ಫ್ರೀ ಪ್ರಾಕ್ಸಿ ಹಾಕ್ಕೊಂಡಿದ್ದೆ ಅಷ್ಟೇ.”

ಆ ‘ಅಷ್ಟೇ’ ಎಂಬುದರೊಳಗೆ ಏನೆಲ್ಲ ಅಡಗಿದೆ ಎಂದು ಬಿಡಿಸಿ ನೋಡುವುದು ಒಳ್ಳೆಯದು. ಹಾಸ್ಟೆಲಿನಲ್ಲಿ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಇಂದಲ್ಲ ನಾಳೆ ಕೇಳಿಬರುತ್ತದೆ.

ಇಂಟರ್ನೆಟ್ಟಿನಲ್ಲಿ ಯಾವುದೂ ಇಡಿಯಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಪ್ರತಿ ಪೊಟ್ಟಣದ ಮೇಲೂ ವಿಳಾಸ, ಜತೆಗೆ ಬಾಗಿಲಿನ ಸಂಖ್ಯೆ. ಒಂದು ಕಂಪ್ಯೂಟರಿಗೆ ಇಂಥ ಬಾಗಿಲುಗಳು 65,536. ಹದಿನಾರು ಬಿಟ್ಟುಗಳಲ್ಲಿ ಬರೆಯಬಹುದಾದ ಸಂಖ್ಯೆಗಳು ಅಷ್ಟೇ, ಎರಡನ್ನು ಹದಿನಾರು ಸಲ ಗುಣಿಸಿ ನೋಡಿ. ಜಾಲತಾಣಗಳ ಗುಟ್ಟಿನ ಸಂಚಾರಕ್ಕೆ 443ನೆಯ ಬಾಗಿಲು. ನಮ್ಮ ಹುಡುಗ ಆಡುವ ಕೌಂಟರ್ ಸ್ಟ್ರೈಕಿಗೆ 27015ರ ಆಸುಪಾಸಿನವು. ಸಂಸ್ಥೆಯ ಜಾಲದ ಅಂಚಿನಲ್ಲಿ ನಿಂತು, ಈ ಬಾಗಿಲಿನವರು ಹೋಗಬಹುದು, ಆ ಬಾಗಿಲಿನವರು ಹೋಗಕೂಡದು ಎಂದು ನೋಡುವ ವ್ಯವಸ್ಥೆಯೇ ಫೈರ್‌ವಾಲ್. ಹೆಸರು ಬಂದದ್ದು ಬೆಂಕಿ ಹಬ್ಬದಂತೆ ಕಟ್ಟುವ ಗೋಡೆಯಿಂದ. ಮೋಟಾರು ವಾಹನಗಳಲ್ಲಿ ಎಂಜಿನ್ನಿಗೂ ಚಾಲಕನಿಗೂ ನಡುವೆ ಇರುವ ತಗಡಿಗೂ ಅದೇ ಹೆಸರು. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ವಿದ್ಯಾರ್ಥಿಯೊಬ್ಬ ಬಿಟ್ಟ ‘ಮಾರಿಸ್ ಹುಳು’ ಸಾವಿರಾರು ಕಂಪ್ಯೂಟರುಗಳನ್ನು ಹಿಡಿದು ನಿಲ್ಲಿಸಿದ ಮೇಲೆ ಇಂಥ ಗೋಡೆಗಳ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು.

ಇನ್ನು ಪ್ರಾಕ್ಸಿ. ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ಗೆಳೆಯನ ಬದಲು ಹಾಜರಿ ಕೂಗಿದರೆ ಪ್ರಾಕ್ಸಿ. ಜಾಲದಲ್ಲೂ ಅದೇ: ನಿಮ್ಮ ಬದಲು ಇನ್ನೊಂದು ಕಂಪ್ಯೂಟರು ತನ್ನ ಹೆಸರಿನಲ್ಲಿ ಹೊರಗೆ ಹೋಗಿ ಬೇಕಾದದ್ದನ್ನು ತಂದುಕೊಡುತ್ತದೆ. ಫೈರ್‌ವಾಲಿಗೆ ಕಾಣುವುದು ನೀವು ಆ ಮಧ್ಯವರ್ತಿಯೊಡನೆ 443ನೆಯ ಬಾಗಿಲಿನಲ್ಲಿ ಆಡುವ ಮಾತು ಮಾತ್ರ. ಆ ಮಾತಿನ ಒಳಗೆ ಆಟದ ಪೊಟ್ಟಣ ಅಡಗಿ ಕುಳಿತಿರುತ್ತದೆ. ಪೊಟ್ಟಣದೊಳಗೆ ಪೊಟ್ಟಣ ಇಟ್ಟು ಸಾಗಿಸುವ ಈ ಉಪಾಯಕ್ಕೆ ಸುರಂಗ ಕೊರೆಯುವುದು ಎಂದು ಹೆಸರು.

ಆ ಮನೆಯಲ್ಲಿ ಸುರಂಗದ ಕಥೆ ಹೊಸತೇನಲ್ಲ. ಹುಡುಗನ ಅಜ್ಜ ಪೀಣ್ಯದಲ್ಲೇ ಇನ್ನೊಂದು ಕಾರ್ಖಾನೆಯ ಲೇತ್ ಕೆಲಸಗಾರರಾಗಿದ್ದವರು. 1996ರ ಮಾರ್ಚ್ 9, ಶನಿವಾರ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ, ಪಾಕಿಸ್ತಾನಗಳ ವಿಶ್ವಕಪ್ ಕ್ವಾರ್ಟರ್ ಫೈನಲ್, ಹಗಲು ರಾತ್ರಿಯ ಆಟ. ಅಜ್ಜನದು ಎರಡನೆಯ ಪಾಳಿ. ಯಂತ್ರಗಳ ಬಳಿ ರೇಡಿಯೋ ತರುವಂತಿಲ್ಲ, ಗೇಟಿನಲ್ಲಿ ವಾಚ್‌ಮನ್ ಚೀಲ ನೋಡಿಯೇ ಬಿಡುತ್ತಿದ್ದ. ಕ್ಯಾಂಟೀನಿನಲ್ಲಿ ಮಾತ್ರ ಒಂದು ರೇಡಿಯೋ ಇತ್ತು. ಟೀ ತರುವ ಹುಡುಗನಿಗೆ ಎಲ್ಲ ಕಡೆ ಪ್ರವೇಶವಿತ್ತು. ಅವನ ತಟ್ಟೆಯಲ್ಲಿ ಗ್ಲಾಸುಗಳ ಕೆಳಗೆ ಒಂದು ಚೀಟಿ: ಇಷ್ಟು ರನ್ನು, ಇಷ್ಟು ವಿಕೆಟ್ಟು. ಜಡೇಜ ಕಡೆಯಲ್ಲಿ 25 ಎಸೆತಕ್ಕೆ 45 ಹೊಡೆದದ್ದೂ, ವೆಂಕಟೇಶ ಪ್ರಸಾದ್ ಸೊಹೇಲ್‌ನ ಸ್ಟಂಪು ಹಾರಿಸಿದ್ದೂ ಟೀ ತಟ್ಟೆಯ ಕೆಳಗೇ ಒಳಗೆ ಬಂತು. ಭಾರತ 39 ರನ್ನಿನಿಂದ ಗೆದ್ದಿತು. ಅಷ್ಟರಲ್ಲಿ ಮೇಲ್ವಿಚಾರಕರಿಗೆ ಅನುಮಾನ ಬಂದಿತ್ತು. ಗಂಟೆಗೊಂದು ಸಲ ಬರುವ ಟೀ ಅಂದು ಹತ್ತು ನಿಮಿಷಕ್ಕೊಮ್ಮೆ ಬರುತ್ತಿತ್ತಲ್ಲ! ತಟ್ಟೆ ಎತ್ತಿ ನೋಡಿದರು. ಎರಡು ದಿನದ ಕೂಲಿ ಕಳೆದುಕೊಂಡವನು ಟೀ ಹುಡುಗ. ಚೀಟಿ ಓದಿದ ಮೂವತ್ತು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅಜ್ಜ ಈ ಕಥೆಯನ್ನು ಹೇಳುವಾಗ ಜಡೇಜನವರೆಗೆ ಜೋರಾಗಿ ಹೇಳಿ, ಉಳಿದದ್ದನ್ನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು.

ಎರಡನೆಯ ಸುರಂಗ ಯಜಮಾನರದೇ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ತೆರೆಯಿತು, ಬೆಂಗಳೂರಿಗೂ ಅದು ಬಂತು. ಅದಕ್ಕೆ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವು ಕಡೆ ಮಾತ್ರ ಎರ್ನೆಟ್ ಮೂಲಕ ಸಂಪರ್ಕವಿತ್ತು. ಹೊಸ ಸೇವೆಯಲ್ಲಿ ವಿದ್ಯಾರ್ಥಿಗಳಿಗೆ ಅಗ್ಗದ ಖಾತೆ ಸಿಗುತ್ತಿತ್ತು, ಆದರೆ ಅದರಲ್ಲಿ ಅಕ್ಷರಗಳು ಮಾತ್ರ. ಚಿತ್ರ ಕಾಣಬೇಕೆಂದರೆ ಬೇರೆ ಖಾತೆ, ಅದು ಬಹಳ ದುಬಾರಿ. 1997ರಲ್ಲಿ ಡಿಪ್ಲೊಮಾ ಓದುತ್ತಿದ್ದ ಇವರು ರಾಜಾಜಿನಗರದ ಗೆಳೆಯನ ಮನೆಯಲ್ಲಿ ಮೋಡೆಮ್ಮಿನ ಕಿರುಚಾಟ ಕೇಳುತ್ತ, ಕಪ್ಪು ತೆರೆಯ ಮೇಲೆ ‘ಲಿಂಕ್ಸ್’ ಎಂಬ ಅಕ್ಷರದ ಬ್ರೌಸರಿನಲ್ಲಿ ಪುಟ ಓದುತ್ತಿದ್ದವರು. ಚಿತ್ರವಿರುವ ಕಡೆಯಲ್ಲೆಲ್ಲ ಚಿತ್ರ ಎಂದು ಬರೆದಿರುತ್ತಿತ್ತು. ಊಟದ ಮನೆಯಲ್ಲಿ ಎಲೆಯ ಮೇಲೆ ‘ಹೋಳಿಗೆ’ ಎಂದು ಬರೆದ ಚೀಟಿ ಇಟ್ಟ ಹಾಗೆ.

ಆಗ ಕೈಗೆ ಸಿಕ್ಕಿದ್ದು ‘ಸ್ಲರ್ಪ್’ ಎಂಬ ಪುಟ್ಟ ತಂತ್ರಾಂಶ. ಅದನ್ನು ಸೇವೆ ಕೊಡುವವರ ಕಂಪ್ಯೂಟರಿನಲ್ಲಿ ಇದ್ದ ತಮ್ಮ ಖಾತೆಯೊಳಗೆ ಓಡಿಸಿದರೆ, ಅಕ್ಷರಕ್ಕೆಂದು ಕೊಟ್ಟ ದಾರಿಯಲ್ಲೇ ಪೊಟ್ಟಣಗಳು ಓಡಾಡತೊಡಗುತ್ತಿದ್ದವು. ಆ ಕಡೆ ಅದು ಖಾತೆದಾರನ ಪರವಾಗಿ ಹೊರಗಿನವರೊಡನೆ ಮಾತಾಡುತ್ತಿತ್ತು, ಈ ಕಡೆ ಮನೆಯ ಕಂಪ್ಯೂಟರು ತಾನೇ ನೇರ ಜಾಲದಲ್ಲಿದ್ದೇನೆ ಎಂದುಕೊಳ್ಳುತ್ತಿತ್ತು. ಸುರಂಗವೂ ಅದೇ, ಪ್ರಾಕ್ಸಿಯೂ ಅದೇ. ಸೆಕೆಂಡಿಗೆ ಕೆಲವು ಸಾವಿರ ಬಿಟ್ಟುಗಳ ವೇಗದಲ್ಲಿ ಹಂಪೆಯ ಕಲ್ಲಿನ ರಥದ ಚಿತ್ರವೊಂದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿದುಬಂತು. ಚಕ್ರ ಕಾಣುವ ಹೊತ್ತಿಗೆ ಕಾಫಿ ಆರಿಹೋಗಿತ್ತು. ಅಗ್ಗದ ಖಾತೆಯ ಉದ್ದೇಶಕ್ಕೆ ಅದು ಒಪ್ಪುವ ಕೆಲಸವಾಗಿತ್ತೆಂದು ಅವರು ಇವತ್ತಿಗೂ ಹೇಳುವುದಿಲ್ಲ. ಗೆಳೆಯನ ತಂದೆ ಫೋನ್ ಬಿಲ್ಲು ನೋಡಿದ ತಿಂಗಳಿಗೆ ಸುರಂಗ ಮುಚ್ಚಿತು ಎಂದಷ್ಟೇ ಹೇಳುತ್ತಾರೆ. ಅಂದ ಹಾಗೆ, ಆ ಸ್ಲರ್ಪಿನ ಒಳತಿರುಳು ಸತ್ತಿಲ್ಲ. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನ ಅನುಕರಣೆ ಓಡಿಸುವ ತಂತ್ರಾಂಶಗಳಲ್ಲಿ ಅದರ ವಂಶದ ಕುಡಿ ಈಗಲೂ ದುಡಿಯುತ್ತಿದೆ.

ಆಟಗಳಿಗೂ ಸುರಂಗಕ್ಕೂ ನಂಟು ಹಳೆಯದೇ. 1993ರ ಡಿಸೆಂಬರಿನಲ್ಲಿ ‘ಡೂಮ್’ ಎಂಬ ಆಟ ಬಂದಾಗ ಅದು ಒಂದೇ ಕಟ್ಟಡದ ಜಾಲದೊಳಗೆ ಆಡುವ ಆಟ. ಅದರ ಮೊದಲ ಆವೃತ್ತಿ ಪ್ರತಿ ಪೊಟ್ಟಣವನ್ನೂ ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದುದರಿಂದ ಕಚೇರಿಗಳ, ವಿಶ್ವವಿದ್ಯಾಲಯಗಳ ಜಾಲಗಳು ಉಸಿರುಗಟ್ಟಿದವು, ಹಲವು ಕಡೆ ನಿಷೇಧವೂ ಬಂತು. ಆ ಬಗೆಯ ಆಟಗಳ ಪೊಟ್ಟಣವನ್ನು ಇಂಟರ್ನೆಟ್ಟಿನ ಪೊಟ್ಟಣದೊಳಗೆ ತುಂಬಿ ದೂರದೂರಿನವರ ಜತೆ ಆಡಿಸುವ ‘ಕಾಳಿ’ ಎಂಬ ತಂತ್ರಾಂಶ ಸ್ವಲ್ಪ ಕಾಲದಲ್ಲೇ ಬಂದಿತ್ತು. ಹಾಸ್ಟೆಲಿನ ಹುಡುಗರು ಈಗ ಮಾಡುವುದರಲ್ಲಿ ತತ್ವ ಅದೇ, ಗೋಡೆ ಮಾತ್ರ ಬೇರೆ. ನಮ್ಮಲ್ಲಿ ಬಹಳ ಹುಡುಗರು ವಿಪಿಎನ್, ಪ್ರಾಕ್ಸಿ ಎಂಬ ಹೆಸರುಗಳ ಹಿಂದೆ ಬಿದ್ದದ್ದು 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ.

“ಆಟ ಚೆನ್ನಾಗಿ ಬರ್ತಿತ್ತೇನೋ ಅದ್ರಲ್ಲಿ?” ಅಪ್ಪ ಕೇಳಿದ್ದು ಬೈಯುವ ಧಾಟಿಯಲ್ಲಲ್ಲ.

“ಇಲ್ಲ ಅಪ್ಪ, ಲ್ಯಾಗು. ನಾನು ಗುಂಡು ಹಾರ್ಸೋಷ್ಟ್ರಲ್ಲಿ ಸತ್ತೋಗಿರ್ತೀನಿ.”

ಇದರ ಕಾರಣ ಶಾಲೆಯ ಭೌತಶಾಸ್ತ್ರದಲ್ಲೇ ಇದೆ. ಬೆಳಕು ನಿರ್ವಾತದಲ್ಲಿ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಓಡಿದರೂ ಗಾಜಿನ ಎಳೆಯೊಳಗೆ ಸುಮಾರು ಎರಡು ಲಕ್ಷ ಮಾತ್ರ. ಬೆಂಗಳೂರಿನಿಂದ ಮುಂಬೈಗೆ ಎಳೆಯ ದಾರಿ ಸಾವಿರ ಕಿ.ಮೀ. ಎನ್ನಿ. ಹೋಗಿ ಬರಲು ಒಂದು ಸೆಕೆಂಡಿನ ನೂರನೆಯ ಒಂದು ಭಾಗ, ಅಂದರೆ 10 ಮಿಲಿಸೆಕೆಂಡು ಸಾಕು. ಆದರೆ ಪುಕ್ಕಟೆ ಪ್ರಾಕ್ಸಿಯ ಕಂಪ್ಯೂಟರು ಯೂರೋಪಿನಲ್ಲಿದ್ದರೆ? ಪೊಟ್ಟಣ ಇಲ್ಲಿಂದ ಏಳು ಸಾವಿರ ಕಿ.ಮೀ. ಹೋಗಿ, ಅಲ್ಲಿಂದ ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ಮುಂಬೈಗೆ ಬಂದು, ಉತ್ತರ ಅದೇ ದಾರಿಯಲ್ಲಿ ಮರಳಬೇಕು. ಬೆಳಕೇ 140 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ನಡುವಿನ ಯಂತ್ರಗಳ ತಡ ಬೇರೆ. ಆಟದ ಸರ್ವರ್ ಸೆಕೆಂಡಿಗೆ 64 ಬಾರಿ ಲೆಕ್ಕ ಹಾಕುತ್ತದೆ. ಹುಡುಗನ ಗುಂಡು ತಲುಪುವ ಹೊತ್ತಿಗೆ ಎದುರಾಳಿ ಹಲವು ಲೆಕ್ಕ ಮುಂದೆ ಹೋಗಿರುತ್ತಾನೆ.

ಇನ್ನೊಂದು ತೊಡಕೂ ಇದೆ. ಪೊಟ್ಟಣ ಕಳಿಸುವ ಕ್ರಮ ಎರಡು ಬಗೆ. ಟಿಸಿಪಿ ಎಂಬುದು ಸ್ವೀಕೃತಿ ಚೀಟಿ ಲಗತ್ತಿಸಿದ ಹಳೆಯ ರಿಜಿಸ್ಟರ್ಡ್ ಅಂಚೆಯಂತೆ: ತಲುಪಿತೇ ಎಂದು ಕೇಳುತ್ತದೆ, ತಲುಪದಿದ್ದರೆ ಮತ್ತೆ ಕಳಿಸುತ್ತದೆ, ಕ್ರಮ ತಪ್ಪಿ ಬಂದದ್ದನ್ನು ತಡೆದು ನಿಲ್ಲಿಸುತ್ತದೆ. ಯುಡಿಪಿ ಎಂಬುದು ಮಂಡಿಯಲ್ಲಿ ಹರಾಜು ಕೂಗುವವನಂತೆ: ಕೇಳಿದವರಿಗೆ ಕೇಳಿತು. ಎರಡು ಕೂಗಿನ ಹಿಂದಿನ ಬೆಲೆ ನಿಮಗೆ ಕೇಳಿಸಲಿಲ್ಲವೆಂದು ಅವನು ನಿಂತು ಮತ್ತೆ ಹೇಳಿದರೆ ಹರಾಜೇ ಕೆಟ್ಟೀತು. ಈಗಿನ ಬೆಲೆಯಷ್ಟೇ ಬೇಕಾದದ್ದು. ಓಡಿಯಾಡುವ ಆಟಗಳಿಗೆ ಯುಡಿಪಿಯೇ ಸರಿ. ಎದುರಾಳಿ ಅರ್ಧ ಸೆಕೆಂಡಿನ ಹಿಂದೆ ಎಲ್ಲಿದ್ದ ಎಂಬುದು ಯಾರಿಗೆ ಬೇಕು? ಆದರೆ 443ನೆಯ ಬಾಗಿಲಿನಲ್ಲಿ ಜಾಲತಾಣದ ವೇಷ ಹಾಕಿ ಹೋಗುವ ಸುರಂಗ ಸಾಮಾನ್ಯವಾಗಿ ಟಿಸಿಪಿಯದು. ಹರಾಜಿನ ಕೂಗನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಂತಾಯಿತು. ಒಂದು ಪೊಟ್ಟಣ ಕಳೆದರೆ ಅದು ಮತ್ತೆ ಬರುವವರೆಗೆ ಹಿಂದಿನವೆಲ್ಲ ರೈಲ್ವೆ ಗೇಟಿನಲ್ಲಿ ನಿಂತಂತೆ ನಿಂತು, ಗೇಟು ತೆಗೆದ ಕೂಡಲೇ ಒಟ್ಟಿಗೆ ನುಗ್ಗುತ್ತವೆ. ತೆರೆಯ ಮೇಲೆ ಮನುಷ್ಯ ಒಂದೆಡೆ ಕಲ್ಲಾಗಿ ನಿಂತು, ತಟ್ಟನೆ ಇನ್ನೊಂದೆಡೆ ಪ್ರತ್ಯಕ್ಷ!

ಲ್ಯಾಗು ಹಾಗಿರಲಿ. ಮನೆಗೆ ಬಂದ ಆಪತ್ತಿನ ಮೂಲ ಬೇರೆ. ಪುಕ್ಕಟೆ ಪ್ರಾಕ್ಸಿಯನ್ನು ನಡೆಸುವವರಿಗೆ ಖರ್ಚಿಲ್ಲವೇ? ಕಂಪ್ಯೂಟರುಗಳ ಬಾಡಿಗೆ, ವಿದ್ಯುತ್ತು, ಸಂಪರ್ಕ, ಎಲ್ಲಕ್ಕೂ ಹಣ ಬೇಕು. ಕೆಲವರು ಜಾಹೀರಾತಿನಿಂದ ತೆಗೆಯುತ್ತಾರೆ, ಕೆಲವರು ಬಳಸುವವನ ಓಡಾಟದ ವಿವರ ಮಾರಿ ತೆಗೆಯುತ್ತಾರೆ. ಇನ್ನು ಕೆಲವರು ಬಳಸುವವನ ಮನೆಯ ಸಂಪರ್ಕವನ್ನೇ ಮಾರುತ್ತಾರೆ. ನೀವು ಅವರ ದಾರಿಯಲ್ಲಿ ಹೊರಗೆ ಹೋಗುವಾಗ, ಬೇರೆ ಯಾರೋ ನಿಮ್ಮ ಮನೆಯ ದಾರಿಯಲ್ಲಿ ಹೊರಗೆ ಹೋಗುತ್ತಾರೆ. ಒಪ್ಪಿಗೆ ಯಾವಾಗ ಕೊಟ್ಟಿರಿ ಎಂದರೆ, ಯಾರೂ ಓದದ ಆ ಉದ್ದದ ಒಪ್ಪಂದದ ಕೊನೆಯಲ್ಲಿ ಗುಂಡಿ ಒತ್ತಿದಾಗ. ಕೆಲವು ಸಲ ಅದೂ ಇರುವುದಿಲ್ಲ.

ಇದು ಊಹೆಯ ಮಾತಲ್ಲ. 2015ರಲ್ಲಿ ‘ಹೋಲಾ’ ಎಂಬ ಜನಪ್ರಿಯ ಪುಕ್ಕಟೆ ಸೇವೆಯ ಬಳಕೆದಾರರ ಸಂಪರ್ಕಗಳನ್ನು ಹಣಕ್ಕೆ ಮಾರಲಾಗುತ್ತಿದೆ ಎಂಬುದು ಜಾಲತಾಣವೊಂದರ ಮೇಲೆ ಆ ದಾರಿಯಲ್ಲಿ ದಾಳಿ ನಡೆದಾಗ ಬೆಳಕಿಗೆ ಬಂತು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ‘911 ಎಸ್5’ ಎಂಬ ಜಾಲವನ್ನು ಮುರಿದುದಾಗಿ ಪ್ರಕಟಿಸಿತು. ಮಾಸ್ಕ್ ವಿಪಿಎನ್, ಡ್ಯೂ ವಿಪಿಎನ್ ಮೊದಲಾದ ಪುಕ್ಕಟೆ ತಂತ್ರಾಂಶಗಳ ಮೂಲಕ ಜಗತ್ತಿನಾದ್ಯಂತ ಮನೆಗಳ ಕಂಪ್ಯೂಟರುಗಳೊಳಗೆ ಹೊಕ್ಕು, 1 ಕೋಟಿ 90 ಲಕ್ಷಕ್ಕೂ ಹೆಚ್ಚು ಜಾಲ ವಿಳಾಸಗಳನ್ನು ಮೋಸಗಾರರಿಗೆ ಬಾಡಿಗೆಗೆ ಕೊಟ್ಟ ಜಾಲ ಅದು. ಅಲ್ಲಿ ಹಣಕಾಸಿನ ವಂಚನೆ ನಡೆದಾಗ ಕಾಣುತ್ತಿದ್ದ ವಿಳಾಸ ವಂಚಕನದಲ್ಲ, ಯಾವುದೋ ಊರಿನ ಯಾವುದೋ ಸಂಸಾರಸ್ಥನದು.

ಮಾಕಳಿಯ ಮನೆಯಲ್ಲಿ ಆದದ್ದೂ ಇದರ ತಮ್ಮನೇ. ಮನೆಯಲ್ಲಿ ಎಷ್ಟು ಸಾಧನಗಳಿದ್ದರೂ ಹೊರಗಿನವರಿಗೆ ಕಾಣುವುದು ಒಂದೇ ವಿಳಾಸ. ಶುಕ್ರವಾರ ರಾತ್ರಿ ಮಗ ಬಂದು ಲ್ಯಾಪ್‌ಟಾಪು ಹಚ್ಚಿದ ಕ್ಷಣದಿಂದ ಯಾರು ಯಾರೋ ಆ ವಿಳಾಸ ಹೊತ್ತು ಎಲ್ಲೆಲ್ಲೋ ಬಾಗಿಲು ತಟ್ಟುತ್ತಿದ್ದರು. ಬಾಗಿಲು ಕಾಯುವವರು ಆ ವಿಳಾಸವನ್ನೇ ಅನುಮಾನದ ಪಟ್ಟಿಗೆ ಹಾಕಿದರು, ಅವರ ಕೆಲಸ ಅವರು ಮಾಡಿದರು. ಬೆಳಿಗ್ಗೆ ಅದೇ ವಿಳಾಸದಿಂದ ಹೋದ ತಂಗಿ ಬಸ್ಸಿನ ಚಿತ್ರ ಹುಡುಕುತ್ತ ಕೂರಬೇಕಾಯಿತು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ಅವಳ ಅರ್ಜಿ ಹೋಗ್ದೇ ಇದ್ದಿದ್ರೆ?” ಎಂದ.

“ಹೋಯ್ತಲ್ಲ. ಈಗ ಇದನ್ನ ಕೀಳು. ಬರೀ ತೆಗೆದ್ರೆ ಸಾಲ್ದು, ಪೂರ್ತಿ ಒರೆಸಿ ಹೊಸದಾಗಿ ಹಾಕು. ನಿನ್ ಪಾಸ್‌ವರ್ಡೆಲ್ಲ ಬದಲಾಯಿಸು.”

ಪೂರ್ತಿ ಒರೆಸುವುದಕ್ಕೆ ಬೆಳಗಿನ ಜಾವ ಮೂರಾಯಿತು. ಒಳಗಿನಿಂದ ಎದ್ದು ಬಂದ ತಾಯಿ, ಅಪ್ಪ ಮಗ ಇಬ್ಬರೂ ಒಂದೇ ತೆರೆಯ ಮುಂದೆ ತಲೆ ಜೋಡಿಸಿ ಕೂತದ್ದನ್ನು ನೋಡಿ, ಇವರಿಬ್ಬರೂ ಸೇರಿ ಆಡುತ್ತಿದ್ದಾರೆ ಎಂದುಕೊಂಡು ಬೈದು ಹೋದರು. ತಂಗಿ ಮಾತ್ರ ಅಣ್ಣನೊಡನೆ ಮೂರು ದಿನ ಮಾತು ಬಿಟ್ಟಳು. ಅದು ಆಗಬೇಕಾದದ್ದೇ.

ಭಾನುವಾರ ತಿಂಡಿಯಾದ ಮೇಲೆ ಅಪ್ಪ ಇನ್ನೊಂದು ಮಾತು ಹೇಳಿದರು. ಹಾಸ್ಟೆಲಿನ ಜಾಲ ನೋಡಿಕೊಳ್ಳುವವರಿಗೆ ಒಂದು ಅರ್ಜಿ ಬರೆ, ಹೀಗೆ ಮಾಡಿದ್ದೆ ಅಂತಲೂ ಬರೆ. ಹುಡುಗನಿಗೆ ಇದು ಸಾವಿಗಿಂತ ಕಷ್ಟವೆನಿಸಿತು. ಸಿಕ್ಕಿಹಾಕಿಕೊಳ್ಳದ ತಪ್ಪನ್ನು ತಾನೇ ಹೋಗಿ ಹೇಳುವುದು ಎಂದರೇನು? ಅವರು ಟೀ ಹುಡುಗನ ಕಥೆಯನ್ನು ಮತ್ತೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ಮನೆಯಲ್ಲಿ ಅದು ಎಲ್ಲರಿಗೂ ಬಾಯಿಪಾಠ. ಕಾನೂನಿನ ಭಯ ಹಾಕಬಹುದಿತ್ತು. ಅದನ್ನೂ ಅವರು ಮಾಡಲಿಲ್ಲ, ಮಾಡಿದ್ದರೆ ಸುಳ್ಳಾಗುತ್ತಿತ್ತು. ವಿಪಿಎನ್ ಬಳಸುವುದೇ ಅಪರಾಧ ಎಂಬ ಕಾನೂನು ದೇಶದಲ್ಲಿಲ್ಲ. ಕಚೇರಿಗಳವರು ಮನೆಯಿಂದ ಕೆಲಸ ಮಾಡುವುದೇ ಅದರ ಮೂಲಕ. 2022ರಲ್ಲಿ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನ, ಅಂಥ ಸೇವೆ ಮಾರುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟಿರಬೇಕು ಎನ್ನುತ್ತದೆ. ಆದರೆ ಹಾಸ್ಟೆಲಿನ ಜಾಲ ಹಾಸ್ಟೆಲಿನದು, ಸೇರುವಾಗ ನಿಯಮಕ್ಕೆ ಸಹಿ ಹಾಕಿದವನು ಇವನೇ.

ಅರ್ಜಿ ಹೋಯಿತು. ಮೂರನೆಯ ದಿನ ಕರೆ ಬಂತು. ಜಾಲದ ಉಸ್ತುವಾರಿ ಇದ್ದವರು ಮೂವತ್ತರ ಆಸುಪಾಸಿನ ತರುಣರು. ನಕ್ಕು, ತಮಗೆ ಮೊದಲೇ ಗೊತ್ತಿತ್ತು ಎಂದರಂತೆ. ಹೇಗೆ? ಒಳಗೇನಿದೆ ಎಂದು ಓದಲು ಆಗದಿದ್ದರೂ ಲಯ ಗೊತ್ತಾಗುತ್ತದೆ. ಜಾಲತಾಣ ಓದುವವನ ಸಂಚಾರ ಒಮ್ಮೆ ನುಗ್ಗಿ ಆಮೇಲೆ ಸುಮ್ಮನಿರುತ್ತದೆ, ಇವನದು ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ ಸೆಕೆಂಡಿಗೆ ಅರವತ್ತು ಸಲ ಸಮನಾಗಿ ಮಿಡಿಯುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಬಂದ ಟೀ!

ಹುಡುಗ ಧೈರ್ಯ ಮಾಡಿ, ಆಟಕ್ಕೆ ತಡೆ ಯಾಕೆ ಸಾರ್ ಎಂದು ಕೇಳಿದ. ನೂರಾರು ಜನಕ್ಕೆ ಒಂದೇ ಹೊರಗಿನ ದಾರಿ, ಸಂಜೆ ಎಲ್ಲರೂ ಒಟ್ಟಿಗೆ ಬಳಸುತ್ತಾರೆ ಎಂಬುದು ಉತ್ತರ. ಇದು ಅರ್ಧ ಮಾತ್ರ ಸರಿ. ಆಡುವಾಗ ಓಡುವ ದತ್ತಾಂಶ ಸಿನಿಮಾ ನೋಡುವುದಕ್ಕಿಂತ ಎಷ್ಟೋ ಕಡಿಮೆ. ಗಿಗಾಬೈಟುಗಟ್ಟಲೆ ನುಂಗುವುದು ಹೊಸ ಆವೃತ್ತಿ ಇಳಿಸಿಕೊಳ್ಳುವಾಗ. ಹುಡುಗ ಅದನ್ನೂ ಹೇಳಿದ, ಅವರು ಒಪ್ಪಿಕೊಂಡರು. ನಿಯಮಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ ಕಾರಣಗಳನ್ನು ಮಾತ್ರ ಬೀರುವಿನಲ್ಲಿ ಇಡುವ ಹಾಸ್ಟೆಲುಗಳಲ್ಲಿ ಸುರಂಗ ಕೊರೆಯುವವರು ಹೆಚ್ಚು. ಈ ಮಾತು ಕೆಲವು ಮನೆಗಳಿಗೂ ಅನ್ವಯಿಸೀತು.

ಹೊರಗಿನ ಬಾಗಿಲು ಅವರು ತೆಗೆಯಲಿಲ್ಲ. ಬದಲಿಗೆ ಪ್ರಯೋಗಾಲಯದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರೊಂದನ್ನು ಕೊಟ್ಟರು. ಶನಿವಾರ, ಭಾನುವಾರ ಸಂಜೆ ಎರಡು ಗಂಟೆ ಹಾಸ್ಟೆಲಿನ ಒಳಗಿನ ಜಾಲದಲ್ಲೇ ಆಟದ ಸರ್ವರ್ ನಡೆಸಿ, ಹೊರಗೆ ಒಂದು ಪೊಟ್ಟಣವೂ ಹೋಗಕೂಡದು, ನಡೆಸುವ ಜವಾಬ್ದಾರಿ ಇವನದೇ ಎಂದರು. ಡೂಮ್ ಕಾಲದ ಪದ್ಧತಿಯೇ ತಿರುಗಿ ಬಂದ ಹಾಗಾಯಿತು.

ಮುಂದಿನ ಶನಿವಾರ ಹುಡುಗ ಊರಿಗೆ ಬರಲಿಲ್ಲ. ರಾತ್ರಿ ಎಂಟಕ್ಕೆ ಫೋನು ಬಂತು. ಹಿಂದೆ ಹತ್ತಾರು ಹುಡುಗರ ಗಲಾಟೆ.

“ಅಪ್ಪ, ಪಿಂಗ್ ಎಷ್ಟು ಗೊತ್ತಾ? ಎರಡು. ಬರೀ ಎರಡು ಮಿಲಿಸೆಕೆಂಡು.”

“ಸರಿ. ಗೆದ್ಯೇನೋ?”

“ಇಲ್ಲ, ಸೋತೆ,” ಎಂದ. “ಈಗ ಲ್ಯಾಗ್ ಅಂತ ಹೇಳಂಗೂ ಇಲ್ಲ.”

ಯಜಮಾನರು ನಗುತ್ತ ಫೋನು ಮಗಳಿಗೆ ಕೊಟ್ಟರು. ಗೋಡೆಯ ಗೂಡಿನ ಹಸಿರು ದೀಪ ಆಗೊಮ್ಮೆ ಈಗೊಮ್ಮೆ ಮಿಟುಕಿ ಸುಮ್ಮನಾಗುತ್ತಿತ್ತು.